ತಿಥಿಯ ಜೊತೆಗೆ ತಪಾಸಣೆಯೂ ಆಗಲಿ

ಮಾನ್ಯರೇ,

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡರು. ಕಂಠೀರವ ಸ್ಟುಡಿಯೊದಲ್ಲಿನ ತಮ್ಮನ ಸಮಾಧಿ ಎದುರು ಅಣ್ಣಂದಿರು ನಿಂತಿದ್ದನ್ನು ಕಂಡು ನಾಡೇ ಮರುಗಿದೆ.

ಹೀಗೆ ಒಡಹುಟ್ಟಿದವರನ್ನು ಕಳೆದುಕೊಂಡ ಎಷ್ಟೋ ಮನೆಗಳಲ್ಲಿ ವರ್ಷದ ತಿಥಿ ತಪ್ಪುವುದಿಲ್ಲ, ಉಳಿದವರ ಹೃದಯ ತಪಾಸಣೆ ತಪ್ಪಿಹೋಗುತ್ತದೆ. ಗಂಡಸರಿಗೆ 55, ಹೆಂಗಸರಿಗೆ 65 ತುಂಬುವ ಮೊದಲೇ ಹೃದಯಾಘಾತವಾಗಿದ್ದರೆ ಒಡಹುಟ್ಟಿದವರಿಗೂ ಅಪಾಯ ಹೆಚ್ಚು. ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಲೇಬೇಕು. ಇನ್ನೂ ಎಳೆಯ ವಯಸ್ಸಿನ ಸಾವಾದರೆ ಇಸಿಜಿ ಜೊತೆ ಎಕೋ (ಹೃದಯದ ಸ್ಕ್ಯಾನ್) ಕೂಡ ಬೇಕು. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ವಂಶದಲ್ಲಿ ಬರುವಂಥದ್ದು. ಒಮ್ಮೆ ನಾರ್ಮಲ್ ಬಂದರೂ ಮುಂದೆ ಕಾಣಿಸಿಕೊಳ್ಳಬಹುದು. ‘ತಮ್ಮ ಇಷ್ಟನೇ ವಯಸ್ಸಿಗೆ ಹೀಗೆ ಹೋದ’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮರಣೋತ್ತರ ಪರೀಕ್ಷೆಯ ವರದಿಯಿದ್ದರೆ ಒಯ್ಯಿರಿ.

– ಓದುಗರು, ಬೆಂಗಳೂರು