ಗೌರಿಯ ಕಥೆ ಓದಿದೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಜೋರು ಮಾಡಿಬಿಟ್ಟೆ. ತಪ್ಪಾಯಿತು. ಕಾಲೇಜು ಪತ್ರಿಕೆಯಲ್ಲಿ ಬಂದ ನಿನ್ನ ಕಥೆಯನ್ನು ಆಮೇಲೆ ಮೂರು ಸಲ ಓದಿದೆ. ನಮ್ಮ ಹಸು ಗೌರಿಯನ್ನು ಯಾಕೆ ಮಾರಿದೆವು ಅನ್ನೋದು ಇಬ್ಬರಿಗೂ ಗೊತ್ತು. ಅದು ಈಗ ಬೇಡ.

ಆದರೆ ಆ ಒಂದು ಸಾಲು. ‘ಅಪ್ಪ ಜಗಲಿಯಲ್ಲಿ ಕೂತು ನೋಟು ಎಣಿಸುತ್ತಿದ್ದರು.’ ನಿಜ, ಎಣಿಸಿದೆ. ಎರಡೆರಡು ಸಲ ಎಣಿಸಿದೆ. ಕೈ ನಡುಗಿ ಲೆಕ್ಕ ತಪ್ಪುತ್ತಿತ್ತು ಪುಟ್ಟಿ. ನೀನು ಅಜ್ಜಿಯ ಪಕ್ಕ ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಂದ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಕಥೆಯಲ್ಲೂ ಬೆನ್ನೇ ಇದೆ.

ಗೋವಿನ ಹಾಡು ನೆನಪಿದೆಯಲ್ಲ? ನೀನು ಚಿಕ್ಕವಳಿದ್ದಾಗ ಅದರ ಕೊನೆ ನಾನು ಹೇಳುತ್ತಿರಲಿಲ್ಲ. ಹುಲಿ ನಾಚಿಕೊಂಡು ಕಾಡಿಗೆ ಹೋಯಿತು ಅಂತ ಮುಗಿಸುತ್ತಿದ್ದೆ. ಶಾಲೆಯಲ್ಲಿ ಪೂರ್ತಿ ಹಾಡು ಕೇಳಿ ಬಂದ ದಿನ ನೀನು ಊಟ ಬಿಟ್ಟೆ. ‘ಅಪ್ಪ, ಸುಳ್ಳು ಹೇಳಿದ್ರಿ’ ಅಂತ ಅತ್ತುಬಿಟ್ಟೆ. ನಿನ್ನೆ ರಾತ್ರಿ ನಿದ್ದೆ ಬರದೆ ಅದನ್ನೇ ತೆಗೆದು ನೋಡಿದೆ. ಹಸು ಮಾತು ಕೊಟ್ಟು ದೊಡ್ಡಿಗೆ ಹೊರಟಾಗ ಹಾಡೂ ಅದರ ಹಿಂದೆಯೇ ಹೋಗಿಬಿಡುತ್ತದೆ. ಆರ ಮೊಲೆಯನು ಕುಡಿಯಲಮ್ಮ ಅಂತ ಕರು ಕೇಳುವುದು, ಹಸು ತನ್ನ ಅಕ್ಕತಂಗಿಯರಿಗೆ ಕರುವನ್ನು ಒಪ್ಪಿಸುವುದು, ಎಲ್ಲ ನಿಧಾನವಾಗಿ. ಅಷ್ಟು ಹೊತ್ತೂ ಹುಲಿ ಹಸಿದುಕೊಂಡು ಒಂಟಿಯಾಗಿ ಕಾಯುತ್ತಿತ್ತು. ಏನು ಯೋಚಿಸುತ್ತಿತ್ತೋ, ಹಾಡು ಹೇಳುವುದೇ ಇಲ್ಲ. ಅದಕ್ಕೇ ಅದು ಪ್ರಾಣ ಬಿಟ್ಟಾಗ ನಮಗೆ ಎದೆ ಧಸಕ್ಕೆನ್ನುವುದು. ಈ ಹಾಡು ಕಟ್ಟಿದವರು ಯಾರೋ. ಎಲ್ಲಿ ನಿಂತು ನೋಡಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇದು ಸಣ್ಣ ವಿಷಯ ಅಲ್ಲ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಅಷ್ಟು ಬದಲಿಸಿದ್ದಕ್ಕೆ ಪರೀಕ್ಷೆ ಇಬ್ಬರದೂ ಆಯಿತು. ಬರೆಯುವವಳು ಒಂದು ಸಲ ಜಗಲಿಗೂ ಬಂದು ನೋಡಬೇಕು. ಯಾರನ್ನೇ ಆಗಲಿ ಬೆನ್ನ ಹಿಂದಿನಿಂದ ತೀರ್ಮಾನ ಮಾಡಬಾರದು. ಪಾಠ ಹೇಳಬಾರದು ಅಂತ ಅಂದುಕೊಂಡೇ ಬರೆಯಲು ಕೂತಿದ್ದೆ, ಆದರೂ ಬಂದುಬಿಡುತ್ತೆ. ಊರು ಬಿಟ್ಟು ಹೋಗಿದ್ದೀಯ, ಅಲ್ಲಿ ಎಲ್ಲರನ್ನೂ ಹೀಗೆ ದೂರದಿಂದಲೇ ನೋಡಿಬಿಡ್ತೀಯೇನೋ ಅಂತ ಹೆದರಿಕೆ ನನಗೆ.

ಆ ಸಾಲು ತೆಗೆ ಅಂತ ಹೇಳುತ್ತಿಲ್ಲ. ಗೌರಿಯ ಹಗ್ಗವನ್ನು ಅಜ್ಜಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡದ್ದು ಬರೆದಿದ್ದೀಯಲ್ಲ, ಅದನ್ನು ನಾನು ಅವತ್ತು ನೋಡಲೇ ಇಲ್ಲ. ನಿನ್ನ ಕಥೆಯಲ್ಲೇ ನೋಡಿದ್ದು.

ಅಮ್ಮನಿಗೆ ಪತ್ರಿಕೆಯ ಇನ್ನೂ ಎರಡು ಪ್ರತಿ ಬೇಕಂತೆ. ಬರುವಾಗ ಮರೆಯದೆ ತಾ.

ನಿನ್ನ ಅಪ್ಪ