ಆ ಹೆಡ್‌ಸೆಟ್ ಪಾಲಿಗೆ ನಮ್ಮ ಹುಡುಗಿ 43 ವರ್ಷದ ಗಂಡಸು

ಸಂಪಾದಕರಿಗೆ ನಮಸ್ಕಾರ.

ಓಣಂ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ವಿಷಯ ಬರೆಯುತ್ತಿದ್ದೇನೆ. ನಾವು ಬದಿಯಡ್ಕ ಕಡೆಯವರು. ಭಾವ, ಅಂದರೆ ತಂಗಿಯ ಗಂಡ, ಈ ಸಲ ಶಾರ್ಜಾದಿಂದ ಬರುವಾಗ ಮಗಳಿಗೆಂದು ಒಂದು ವಿಆರ್ ಹೆಡ್‌ಸೆಟ್ ತಂದಿದ್ದರು. ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರ್ ಸೃಷ್ಟಿಸಿದ ಲೋಕದೊಳಗೇ ನಿಂತ ಹಾಗೆ ಕಾಣಿಸುವ ಸಾಧನ ಅದು. ಎರಡು ದಿನ ಮನೆಯವರೆಲ್ಲ ಸರದಿಯಲ್ಲಿ ಹಾಕಿಕೊಂಡು ನೋಡಿದೆವು, ನನ್ನ ಅಮ್ಮ ಕೂಡ ಹಾಕಿಕೊಂಡು ಯಾವುದೋ ಹಿಮದ ಬೆಟ್ಟದ ತುದಿಯಲ್ಲಿ ನಿಂತು "ಅಯ್ಯೋ ದೇವರೇ" ಎಂದು ಕುರ್ಚಿ ಹಿಡಿದುಕೊಂಡರು. ಖುಷಿಯಾಗಿಯೇ ಇತ್ತು.

ಮೂರನೇ ದಿನ ಸಂಜೆ ತಂಗಿಯ ಮಗಳು ಚಾವಡಿಯಲ್ಲಿ ಒಬ್ಬಳೇ ಆಡುತ್ತಿದ್ದಳು. ಏಳನೇ ಕ್ಲಾಸಿನ ಹುಡುಗಿ. ನಾನು ಪಕ್ಕದಲ್ಲೇ ಅಡಿಕೆ ಸುಲಿಯುತ್ತಾ ಕೂತಿದ್ದೆ. ಇದ್ದಕ್ಕಿದ್ದಂತೆ ಅವಳು ಎರಡೂ ಕೈ ಮುಂದೆ ಚಾಚಿ ಯಾರನ್ನೋ ತಳ್ಳುವ ಹಾಗೆ ಮಾಡುತ್ತಾ ಹಿಂದೆ ಹಿಂದೆ ಬಂದಳು. ನಾನು ಆಟ ಅಂದುಕೊಂಡು ನಗುತ್ತಿದ್ದೆ. ಇನ್ನು ಎರಡು ಹೆಜ್ಜೆ ಇಟ್ಟಿದ್ದರೆ ಮುರಕಲ್ಲಿನ ಮೆಟ್ಟಿಲಿಂದ ಅಂಗಳಕ್ಕೆ ಬೀಳುತ್ತಿದ್ದಳು, ಹಿಡಿದುಕೊಂಡೆ. ಹೆಡ್‌ಸೆಟ್ ತೆಗೆದಾಗ ಮುಖ ಬೆಳ್ಳಗಾಗಿತ್ತು. "ಮಾವ, ಅವ ಬಿಡ್ತಾನೇ ಇರ್ಲಿಲ್ಲ" ಎಂದಳು. ಅಷ್ಟೇ. ಉಳಿದದ್ದನ್ನು ರಾತ್ರಿ ತನ್ನ ಅಮ್ಮನ ಹತ್ತಿರ ಹೇಳಿದಳು. ಆ ಆಟದಲ್ಲಿ ಎಲ್ಲೆಲ್ಲಿಯದೋ ಜನ ಇಂಟರ್‌ನೆಟ್ ಮೂಲಕ ಬಂದು ಸೇರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಗೊಂಬೆ ರೂಪ, ಅದಕ್ಕೆ ಅವತಾರ ಎನ್ನುತ್ತಾರೆ. ಯಾವನೋ ಗಂಡಸು, ಗುರುತಿಲ್ಲ ಪರಿಚಯವಿಲ್ಲ, ಅವಳ ಅವತಾರದ ಮೈಮೇಲೆಯೇ ಬಂದು ಕಿವಿಯ ಹತ್ತಿರ ಹೇಳಬಾರದ ಮಾತು ಹೇಳಿದ್ದಾನೆ.

"ಅದು ಬರೀ ಗೊಂಬೆ ಅಲ್ವಾ, ತೆಗೆದಿಟ್ಟರೆ ಮುಗೀತು" ಎಂದು ಊರಲ್ಲಿ ಇಬ್ಬರು ಮೂವರು ಹೇಳಿದರು. ಅವರಿಗೆ ಒಮ್ಮೆ ಹಾಕಿ ನೋಡಿ ಅಂತ ಹೇಳುತ್ತೇನೆ. ತಲೆ ತಿರುಗಿಸಿದರೆ ಲೋಕ ತಿರುಗುತ್ತದೆ, ಬಲಗಡೆ ನಿಂತವನ ಧ್ವನಿ ಬಲಕಿವಿಗೇ ಬರುತ್ತದೆ. ಹಿಮದ ಬೆಟ್ಟ ಸುಳ್ಳು ಎಂದು ಗೊತ್ತಿದ್ದೂ ನನ್ನ ಅಮ್ಮ ಕುರ್ಚಿ ಹಿಡಿದುಕೊಳ್ಳಲಿಲ್ಲವೇ?

ಇದರಲ್ಲಿ ನಮ್ಮ ತಪ್ಪೂ ಇದೆ. ಹೆಡ್‌ಸೆಟ್ಟಿನಲ್ಲಿದ್ದದ್ದು ಭಾವನ ಅಕೌಂಟು. ಹಾಗಾಗಿ ಆ ಲೋಕದ ಲೆಕ್ಕದಲ್ಲಿ ಅವಳು 43 ವರ್ಷದ ಗಂಡಸು. ಮಕ್ಕಳಿಗೆ ಅಂತ ಇರುವ ಯಾವ ಬೇಲಿಯೂ ಅವಳಿಗೆ ಸಿಗಲಿಲ್ಲ. 18 ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎಂದು ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಆದರೆ ಅಪ್ಪನ ಅಕೌಂಟಿನಲ್ಲೇ ಮಗಳು ಆಡುವಾಗ ಒಪ್ಪಿಗೆ ಕೇಳುವವರು ಯಾರು? ಗಲ್ಫಿನಿಂದ ಸಾಮಾನು ಬರುವ ನಮ್ಮ ಜಿಲ್ಲೆಯಲ್ಲಿ ಇದು ನಮ್ಮೊಂದು ಮನೆಯ ಕತೆ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನು ಕಂಪನಿಗಳ ವಿಷಯ. ಉಪಾಯ ಇಲ್ಲವೆಂದಲ್ಲ. ಹೆಂಗಸರು ದೂರು ಹೇಳಿದ ಮೇಲೆ ಫೇಸ್‌ಬುಕ್‌ನ ಒಡೆಯರಾದ ಮೆಟಾದವರು 2022ರ ಫೆಬ್ರವರಿಯಲ್ಲಿ ಹೊರೈಜನ್ ವರ್ಲ್ಡ್ಸ್ ಎಂಬ ತಮ್ಮ ವಿಆರ್ ಆ್ಯಪ್‌ನಲ್ಲಿ ಅವತಾರಗಳ ನಡುವೆ ಸುಮಾರು 4 ಅಡಿ ಅಂತರ ಇರುವಂತೆ ಮಾಡಿದರು. ಒಳ್ಳೆಯದೇ. ಆದರೆ ಎಲ್ಲ ಆ್ಯಪ್‌ನಲ್ಲಿ ಹೀಗಿಲ್ಲ, ಇದ್ದರೂ ಮೆನುವಿನ ಒಳಗೊಳಗೆ ಹೋಗಿ ಹುಡುಕಬೇಕು. ನಮ್ಮ ಸೆಟ್ಟಿನಲ್ಲಿ ಅದು ಸಿಗುವಷ್ಟರಲ್ಲಿ ನನಗೇ ಅರ್ಧ ಗಂಟೆ ಹಿಡಿಯಿತು, ಎಲ್ಲ ಇಂಗ್ಲಿಷು, ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇಲ್ಲ ಮಲಯಾಳವೂ ಇಲ್ಲ. ಹೆದರಿದ ಮಗು ಆ ಗಳಿಗೆಯಲ್ಲಿ ಅದನ್ನು ಹುಡುಕುತ್ತಾ ನಿಲ್ಲುತ್ತದಾ?

ಕಾನೂನೂ ಸ್ವಲ್ಪ ಹಿಂದೆಯೇ ಇದೆ. 2021ರ ಐಟಿ ನಿಯಮಗಳ ಪ್ರಕಾರ, ತನ್ನ ನಗ್ನ ಚಿತ್ರ ಹಾಕಿದ್ದಾರೆಂದು ಯಾರಾದರೂ ದೂರು ಕೊಟ್ಟರೆ ಕಂಪನಿ ಅದನ್ನು ಗಂಟೆಗಳ ಲೆಕ್ಕದ ಗಡುವಿನೊಳಗೆ ತೆಗೆಯಬೇಕು. ಫೋಟೋ, ವಿಡಿಯೋಗಾದರೆ ಸರಿ. ಇಲ್ಲಿ ತೆಗೆಯಲು ಏನಿದೆ? ಅವನು ಎರಡು ನಿಮಿಷ ಕಾಡಿ ಹೊರಟುಹೋದ. ಕುರುಹೇ ಇಲ್ಲ. ಕೊನೆಯ ಕೆಲವು ನಿಮಿಷ ಹೆಡ್‌ಸೆಟ್‌ನಲ್ಲೇ ಉಳಿದು ದೂರಿನ ಜೊತೆ ಹೋಗುವ ವ್ಯವಸ್ಥೆ ಕೆಲವು ಕಡೆ ಇದೆ, ಅದು ಎಲ್ಲ ಕಡೆ ಕಡ್ಡಾಯ ಆಗಬೇಕು. ಮತ್ತೆ, ಗುರುತಿಲ್ಲದವರ ಧ್ವನಿ ಕೇಳಿಸದಂತೆ, ಅವರು ಹತ್ತಿರ ಬರದಂತೆ ಮೊದಲೇ ಮಾಡಿಟ್ಟಿರಬೇಕು. ಬೇಡವಾದವರು ಆಮೇಲೆ ಆ ತಡೆಯನ್ನು ತೆಗೆಯಲಿ. ತೋಟಕ್ಕೆ ದನ ನುಗ್ಗಿದ ಮೇಲೆ ಯಾರೂ ಬೇಲಿಗೆ ಗೂಟ ಹುಡುಕುವುದಿಲ್ಲ.

ಆಡಲು ಬಂದವರ ಕಾಟ ಮಾತ್ರ ಅಲ್ಲ, ಹ್ಯಾಕರ್‌ಗಳ ಭಯವೂ ಇದೆ. ಅಮೆರಿಕದ ನ್ಯೂ ಹೇವನ್ ವಿಶ್ವವಿದ್ಯಾಲಯದವರು 2019ರಲ್ಲಿ ಬಿಗ್‌ಸ್ಕ್ರೀನ್ ಎಂಬ, ಜನ ಒಟ್ಟಿಗೆ ಸೇರಿ ಮಾತಾಡುವ ವಿಆರ್ ಆ್ಯಪ್ ಪರೀಕ್ಷಿಸಿ, ಒಬ್ಬ ಹ್ಯಾಕರ್ ಯಾರ ಕಣ್ಣಿಗೂ ಬೀಳದೆ ಖಾಸಗಿ ಕೋಣೆಯೊಳಗೆ ನಿಂತು ಎಲ್ಲರ ಮಾತು ಕೇಳಬಹುದು ಎಂದು ತೋರಿಸಿದ್ದರು. ಆ ತೂತನ್ನು ಕಂಪನಿ ಮುಚ್ಚಿತು, ಬಿಡಿ. ಅದೇ ತಂಡ ಇನ್ನೊಂದನ್ನೂ ತೋರಿಸಿತ್ತು. ಕಂಪ್ಯೂಟರಿಗೆ ಜೋಡಿಸಿದ ಹೆಡ್‌ಸೆಟ್‌ನಲ್ಲಿ ಗೋಡೆ, ಮೆಟ್ಟಿಲು ಬಂತು ಎಂದು ಎಚ್ಚರಿಸುವ ಗೆರೆಯನ್ನೇ ಹ್ಯಾಕರ್ ಬದಲಿಸಬಹುದು, ಹಾಕಿಕೊಂಡವನಿಗೆ ಗೊತ್ತಾಗದ ಹಾಗೆ ಅವನನ್ನು ಬೇಕಾದ ಕಡೆಗೆ ನಡೆಸಬಹುದು. ನಮ್ಮ ಹುಡುಗಿ ಹಿಂದೆ ಸರಿದದ್ದು ಹೆದರಿಕೆಯಿಂದ, ಹ್ಯಾಕರ್‌ನಿಂದಲ್ಲ. ಆದರೂ ಇದನ್ನು ಓದಿದ ಮೇಲೆ ಆ ಮೆಟ್ಟಿಲು ನೋಡಿದಾಗಲೆಲ್ಲ ಎದೆ ಝಲ್ ಎನ್ನುತ್ತದೆ.

ಈಗ ನಮ್ಮ ಮನೆಯಲ್ಲಿ ಹೆಡ್‌ಸೆಟ್ ಹಾಕಿದರೆ ಟಿವಿಗೂ ಜೋಡಿಸಲೇಬೇಕು. ಒಳಗೆ ಏನಾಗುತ್ತಿದೆ ಎಂದು ಹೊರಗಿದ್ದವರಿಗೂ ಕಾಣುತ್ತದೆ. ಇದು ತಂಗಿಯ ಐಡಿಯಾ. ಹುಡುಗಿಗೆ ಬೇರೆ ಅಕೌಂಟೂ ಮಾಡಿದ್ದೇವೆ, ಸರಿಯಾದ ವಯಸ್ಸು ಹಾಕಿ. ಎರಡು ಆಟ ಸಿಗುವುದಿಲ್ಲ ಎಂದು ಮುಖ ಊದಿಸಿಕೊಂಡಿದ್ದಾಳೆ, ಇರಲಿ.

ಕೇರಳದ ಶಾಲೆಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ಐಟಿ ಕ್ಲಬ್‌ಗಳಿವೆ, ಮಕ್ಕಳು ಅನಿಮೇಷನ್, ಪ್ರೋಗ್ರಾಮಿಂಗ್ ಎಲ್ಲ ಕಲಿಯುತ್ತಾರೆ. ಅಲ್ಲಿ ಒಂದೇ ಒಂದು ಪೀರಿಯಡ್ ಇದಕ್ಕೆ ಕೊಡಲಿ. ಬ್ಲಾಕ್ ಹೇಗೆ ಮಾಡುವುದು, ಮ್ಯೂಟ್ ಹೇಗೆ, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡುವುದು ಹೇಗೆ, ಮಕ್ಕಳ ಸಹಾಯವಾಣಿ 1098 ಯಾವಾಗ ಬೇಕಾಗುತ್ತದೆ, ಇಷ್ಟು ಸಾಕು. ಕನ್ನಡ ಮೀಡಿಯಂ ಶಾಲೆಗಳಲ್ಲಿ ದಯವಿಟ್ಟು ಕನ್ನಡದಲ್ಲೇ ಹೇಳಲಿ. ಮಲಯಾಳದ ಕರಪತ್ರ ಕೊಟ್ಟು ಕಳುಹಿಸಿದರೆ ಅದು ಬ್ಯಾಗಿನಲ್ಲೇ ಉಳಿಯುತ್ತದೆ, ನಮಗೆ ಅಭ್ಯಾಸವಾಗಿರುವ ಸಂಗತಿ ಇದು.

ಇತಿ,
ನಿಮ್ಮ ಓದುಗ, ಬದಿಯಡ್ಕ, ಕಾಸರಗೋಡು ಜಿಲ್ಲೆ