ಕರ್ವ್ ಅದೇ, ಫೈಲಿನಲ್ಲಿರುವ ಅಂಕಿ ಮಾತ್ರ ಬೇರೆ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಪೀಣ್ಯದ ಶೆಡ್‌ನಿಂದ ಬರುವ ಕ್ಯಾಮ್ (ತಿರುಗುತ್ತಾ ಇನ್ನೊಂದು ಭಾಗವನ್ನು ಎತ್ತಿ ಇಳಿಸುವ ಬಿಡಿಭಾಗ) ಪ್ರೊಫೈಲ್ ಫೈಲುಗಳಲ್ಲಿ ಬಹುಪದೋಕ್ತಿಯ, ಅಂದರೆ ಎಕ್ಸ್‌ನ ಘಾತಗಳನ್ನು ಕೂಡಿಸಿ ಬರೆದ ಸೂತ್ರದ, ಸಹಗುಣಕಗಳು ಇರುವುದಿಲ್ಲ. ಅವುಗಳ ಜಾಗದಲ್ಲಿ ಬಿ-ಸ್ಪ್ಲೈನ್‌ನ (ಸಣ್ಣ ತುಂಡುಗಳನ್ನು ನಯವಾಗಿ ಜೋಡಿಸಿದ ಕರ್ವ್) ಕಂಟ್ರೋಲ್ ಪಾಯಿಂಟುಗಳು (ಕರ್ವ್‌ನ ಆಕಾರವನ್ನು ಎಳೆದು ಹಿಡಿಯುವ ಬಿಂದುಗಳು), ನಾಟ್‌ಗಳು (ತುಂಡುಗಳು ಸೇರುವ ಜಾಗಗಳು) ಇರುತ್ತವೆ. 'ನಮ್ಮ ಡ್ರಾಯಿಂಗನ್ನೇ ಬದಲಾಯಿಸಿಬಿಟ್ರಾ?' ಎಂದು ಗಾಬರಿಯಾಗಬೇಡಿ.

ಕಳೆದ ವರ್ಷ ಗ್ರಾಹಕರೊಬ್ಬರು ಕ್ಯಾಮ್‌ನ ಏರಿನಲ್ಲಿ ಒಂದೇ ಒಂದು ಕಡೆ 0.2 ಮಿ.ಮೀ. ತಗ್ಗಿಸಲು ಹೇಳಿದರು. ಇಡೀ ಪ್ರೊಫೈಲ್ 9ನೇ ಡಿಗ್ರಿಯ (ಅತಿ ದೊಡ್ಡ ಘಾತ 9 ಇರುವ) ಒಂದೇ ಬಹುಪದೋಕ್ತಿಯಲ್ಲಿತ್ತು. ಆ ಬಿಂದು ಇಳಿಸಿ ಮತ್ತೆ ಫಿಟ್ ಮಾಡಿದೆವು. ಇಲ್ಲಿ ತಗ್ಗಿತು, ಆಚೆ ತುದಿಯಲ್ಲಿ ಉಬ್ಬಿತು. ನಾವು ಅದನ್ನು ನೋಡದೆ ಗ್ರೈಂಡಿಂಗ್‌ಗೆ ಹಾಕಿಬಿಟ್ಟೆವು. ಎರಡು ಪೀಸ್ ಗುಜರಿ ಪಾಲಾದವು. ತಪ್ಪು ನಮ್ಮದೇ. ಆದರೆ ಬಹುಪದೋಕ್ತಿಯ ಗುಣವೂ ಹಾಗೇ ಅಲ್ವಾ, ಒಂದು ಕಡೆ ಮುಟ್ಟಿದರೆ ಎಲ್ಲ ಕಡೆ ಅಲುಗುತ್ತದೆ. ಡಿಗ್ರಿ ಜಾಸ್ತಿಯಾದರೆ ತುದಿಗಳು ತೂಗಾಡಬಹುದು ಎಂದು ಜರ್ಮನಿಯ ಗಣಿತಜ್ಞ ಕಾರ್ಲ್ ರುಂಗೆ 1901ರಲ್ಲೇ ತೋರಿಸಿದ್ದರು. ನಮಗೆ ಅದು ಗೊತ್ತಾಗಿದ್ದು ಗುಜರಿ ಡಬ್ಬದಿಂದ!

3ನೇ ಡಿಗ್ರಿಯ ಬಿ-ಸ್ಪ್ಲೈನ್‌ನಲ್ಲಿ ಒಂದು ಕಂಟ್ರೋಲ್ ಪಾಯಿಂಟ್ ಸರಿಸಿದರೆ ಹೆಚ್ಚೆಂದರೆ ಅಕ್ಕಪಕ್ಕದ 4 ತುಂಡು ಬದಲಾಗುತ್ತವೆ. ಉಳಿದದ್ದು ಕದಲುವುದಿಲ್ಲ.

ಹಳೆಯ ಪ್ರೊಫೈಲ್ 3ನೇ ಡಿಗ್ರಿಯೊಳಗೆ ಇದ್ದರೆ ಅದು ಸ್ಪ್ಲೈನ್‌ಗೆ ಇದ್ದ ಹಾಗೇ ಬರುತ್ತದೆ, ಅಂದಾಜಿನ ಮಾತೇ ಇಲ್ಲ. ಬೇಕಿದ್ದರೆ ನೀವೇ ಲೆಕ್ಕ ಹಾಕಿ. ಸೊನ್ನೆಯಿಂದ ಒಂದರವರೆಗೆ ಎಕ್ಸ್ ಸ್ಕ್ವೇರ್ ತಗೊಳ್ಳಿ. 3ನೇ ಡಿಗ್ರಿಯ ಒಂದೇ ತುಂಡಿನ ಸ್ಪ್ಲೈನ್‌ನಲ್ಲಿ ಅದಕ್ಕೆ ಕಂಟ್ರೋಲ್ ಪಾಯಿಂಟುಗಳ ನಾಲ್ಕು ಅಂಕಿ: 0, 0, 1/3, 1. ನಟ್ಟನಡುವೆ ಇವುಗಳ ತೂಕ ಕ್ರಮವಾಗಿ 1/8, 3/8, 3/8, 1/8. ಗುಣಿಸಿ ಕೂಡಿದರೆ 1/8 ಮತ್ತು 1/8, ಅಂದರೆ 1/4. ಅರ್ಧದ ವರ್ಗವೂ ಅಷ್ಟೇ.

5, 7, 9ನೇ ಡಿಗ್ರಿಯವು ಹೀಗೆ ಸಲೀಸಾಗಿ ಇಳಿಯುವುದಿಲ್ಲ. ಅವನ್ನು ಸಣ್ಣ ತುಂಡುಗಳಾಗಿ ಒಡೆದು 3ನೇ ಡಿಗ್ರಿಗೆ ಹೊಂದಿಸುತ್ತೇವೆ, ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಅತಿ ಹೆಚ್ಚು ಎಷ್ಟು ಎಂಬುದನ್ನು ಫೈಲಿನ ಮೊದಲ ಸಾಲಿನಲ್ಲೇ ಮೈಕ್ರಾನ್‌ನಲ್ಲಿ ಬರೆದಿರುತ್ತೇವೆ. ನೀವು ಒಪ್ಪಿದ ಮೇಲೇ ಜಾಬ್ ಮೆಷಿನ್ ಹತ್ತುತ್ತದೆ. ಒಪ್ಪದಿದ್ದರೆ ಹಳೇ ಡಿಗ್ರಿಯಲ್ಲೇ ಇಟ್ಟುಕೊಳ್ಳುತ್ತೇವೆ, ಸುಮ್ನೆ ಒತ್ತಾಯವಿಲ್ಲ.

ರೇಟು ಬದಲಾಗಿಲ್ಲ. ನಿಮ್ಮ ಕಂಟ್ರೋಲರ್ ಹಳೆಯದಾಗಿ ಸ್ಪ್ಲೈನ್ ಓದದಿದ್ದರೆ ಆರ್ಡರ್ ಜೊತೆ ಒಂದು ಸಾಲು ಬರೆಯಿರಿ, ಬಿಂದುಗಳ ಪಟ್ಟಿಯನ್ನೂ ಕಳಿಸುತ್ತೇವೆ.

ಇಂತಿ ನಿಮ್ಮ,
ಕ್ಯಾಮ್ ವಿಭಾಗದವರು
ಪೀಣ್ಯ, ಬೆಂಗಳೂರು